ಕಮಾನು ಉಳಿಯಿತು

ನಾನು ನಿಂತಿದ್ದು ಸಿಂಧನೂರಿನ ಹಳೆಯ ಮುಸಾಫಿರಖಾನೆಯ ಕಮಾನಿನ ಕೆಳಗೆ. ಎಡಗಡೆಯ ಕಂಬಕ್ಕೆ ಬೆನ್ನು ಕೊಟ್ಟಿದ್ದೆ. ಮುಖ ರಸ್ತೆಯ ಕಡೆಗಿರಲಿಲ್ಲ, ಒಳಗಿನ ಅಂಗಳದ ಕಡೆಗಿತ್ತು. ತೊಂಬತ್ತಮೂರನೆಯ ಇಸವಿ, ಉಗಾದಿಯಾಗಿ ಎಂಟನೆಯ ದಿನ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ನನ್ನ ಕೈಯಲ್ಲಿ ಗಡಿಯಾರವಿರಲಿಲ್ಲ. ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಒಂಬತ್ತಕ್ಕೆ ಬಿಡಬೇಕಾದದ್ದು ದಿನಾಲೂ ಹತ್ತು ನಿಮಿಷ ತಡಮಾಡಿಯೇ ಅಲ್ಲಿ ಹಾಯುತ್ತಿತ್ತು. ಆ ದಿನವೂ ಹಾಯಿತು. ನಾನು ಹತ್ತಲಿಲ್ಲ. ಬಾವಿ ನಾನು ನಿಂತಲ್ಲಿಂದ ಇಪ್ಪತ್ತೆರಡು ಹೆಜ್ಜೆ. ನನಗೂ ಬಾವಿಗೂ ನಡುವೆ ಹಿಂದಿನ ದಿನ ಕೂರಿಸಿದ ಕಬ್ಬಿಣದ ಗೇಟು, ಅದಕ್ಕೆ ಜಡಿದ ಒಂದು ಹೊಸ ಕೀಲಿ.

ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಆ ಕಮಾನು ಈಗ ನಮ್ಮ ಅಡುಗೆಮನೆಯ ಗೋಡೆಯ ಮೇಲೆ ತೂಗಾಡುತ್ತಿದೆ. ಕ್ಯಾಲೆಂಡರಿನಲ್ಲಿ. ಚನ್ನಪ್ಪ ಸಾಹುಕಾರರು ಪ್ರತಿ ಹೊಸ ವರ್ಷಕ್ಕೆ ಊರಿನ ಮನೆಮನೆಗೆ ಹಂಚುವ ಕ್ಯಾಲೆಂಡರು ಅದು. ಕಮಾನಿಗೆ ಗುಲಾಬಿ ಬಣ್ಣ, ಅಂಚಿಗೆ ಕೆನೆಬಣ್ಣ, ಹಿಂದೆ ಮೂರಂತಸ್ತಿನ ಮನೆಗಳು, ಮೇಲೆ ನೀಲಿ ಆಕಾಶ. ಅಂಥ ನೀಲಿ ಆಕಾಶವನ್ನು ನಮ್ಮೂರಿನಲ್ಲಿ ನಾನು ಕಂಡಿಲ್ಲ. ಅಡಿಯಲ್ಲಿ ‘ನಮ್ಮ ಪರಂಪರೆಯನ್ನು ಕಾಯ್ದವರು’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ನಮ್ಮ ಮನೆಯವಳು ಅದರ ಚೌಕಗಳಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನವನ್ನು ಗುರುತು ಹಾಕುತ್ತಾಳೆ. ಅದನ್ನು ಹರಿದು ಒಲೆಗೆ ಹಾಕು ಎಂದರೆ, “ಕಮಾನಿನ ಮ್ಯಾಲಿನ ಸಿಟ್ಟು ತಾರೀಖಿನ ಮ್ಯಾಲ ಯಾಕ ತೀರಸ್ತೀರಿ? ತಾರೀಖು ಏನ್ ಪಾಪ ಮಾಡ್ಯಾವ?” ಅನ್ನುತ್ತಾಳೆ. ಆದ್ದರಿಂದ ದಿನಕ್ಕೆ ಮೂರು ಹೊತ್ತು ನಾನು ಆ ಗುಲಾಬಿ ಕಮಾನಿಗೆ ಎದುರಾಗಿಯೇ ರೊಟ್ಟಿ ತಿನ್ನಬೇಕಾಗಿದೆ.

ಮುಸಾಫಿರಖಾನೆ ಎಂದರೆ ದಾರಿಹೋಕರು ತಂಗುವ ಕಟ್ಟಡ. ನಿಜಾಮನ ಕಾಲದ್ದು. ಕಲ್ಲು ಮತ್ತು ಗಚ್ಚಿನದು. ರಸ್ತೆಗೆ ಒಂದು ದೊಡ್ಡ ಕಮಾನು, ಒಳಗೆ ಅಂಗಳ, ಅಂಗಳದ ಮೂರೂ ಕಡೆ ಬಾಗಿಲಿಲ್ಲದ ಪಡಸಾಲೆ, ನಡುವೆ ಬಾವಿ, ಬಾವಿಯ ಬಲಕ್ಕೆ ಬೇವಿನ ಮರ. ಚಿಕ್ಕವನಿದ್ದಾಗ ಜವಳಗೇರಾದಿಂದ ಅಜ್ಜಿಯ ಜೊತೆ ಸಂತೆಗೆ ಬಂದರೆ ನಮ್ಮ ಗಂಟು ಇಳಿಯುತ್ತಿದ್ದುದು ಅಲ್ಲಿ. ಹೊರಗೆ ಕಾದ ಡಾಂಬರು, ಒಳಗಿನ ಕಲ್ಲುಹಾಸು ಮಾತ್ರ ತಣ್ಣಗೆ. ನಾನು ಅಂಗಿ ತೆಗೆದು ಹೊಟ್ಟೆ ಹಚ್ಚಿ ಮಲಗುತ್ತಿದ್ದೆ. ಗಚ್ಚಿನ ಗೋಡೆಗೆ ನಾಲಿಗೆ ಹಚ್ಚಿ ನೋಡುವ ಒಂದು ಕೆಟ್ಟ ಚಟವೂ ಇತ್ತು. ಸುಣ್ಣ, ಬೆಲ್ಲ, ಮತ್ತಿನ್ನೇನೋ ಸೇರಿದಂಥ ರುಚಿ. “ಗ್ವಾಡಿ ನೆಕ್ಕಿ ನೆಕ್ಕಿ ಒಂದಿನ ಛತ್ತು ಬೀಳಸ್ತಾನ ಈ ಮೂಳ” ಎಂದು ಅಜ್ಜಿ ಬೈಯುತ್ತಿದ್ದಳು. ಛತ್ತು ಬೀಳಿಸುವುದಕ್ಕೆ ನಾಲಿಗೆ ಬೇಕಿಲ್ಲ, ಒಂದು ಸಹಿ ಸಾಕೆಂದು ಅಜ್ಜಿಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಮಸ್ಕಿಯ ಒಂದು ಶಾಲೆಗೆ ಇತಿಹಾಸದ ಮಾಸ್ತರನಾಗಿ ಸೇರಿ, ಸಿಂಧನೂರಿನಲ್ಲಿ ಮನೆ ಮಾಡಿ, ದಿನಾಲೂ ಬಸ್ಸಿನಲ್ಲಿ ಓಡಾಡತೊಡಗಿದಾಗ ಮುಸಾಫಿರಖಾನೆಗೆ ಮುಸಾಫಿರರು ತಂಗಲು ಬರುವುದು ನಿಂತಿತ್ತು. ಆದರೆ ಖಾಲಿ ಬಿದ್ದಿರಲಿಲ್ಲ. ತುರ್ವಿಹಾಳದ ಬಸ್ಸಿಗೆ ಕಾಯುವ ಹೆಂಗಸರು ಪಡಸಾಲೆಯಲ್ಲಿ ಕೂತು ಮಕ್ಕಳಿಗೆ ಹಾಲು ಕುಡಿಸುತ್ತಿದ್ದರು. ಭತ್ತ ನಾಟಿಗೆ ಹೋಗುವ ಕೂಲಿಯವರು ಬುತ್ತಿ ಬಿಚ್ಚುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುವವರು ಮರಿಗಳನ್ನು ಬೇವಿನ ನೆರಳಿಗೆ ಕೂಡಿ ತಾವು ಕಂಬಳಿ ಹಾಸುತ್ತಿದ್ದರು. ಯಾರು ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳದ ಜಾಗ ಒಂದೂರಿಗೆ ಒಂದಾದರೂ ಇರಬೇಕು. ನಮ್ಮೂರಿಗೆ ಅದಿತ್ತು.

ಅವರೆಲ್ಲರಿಗೂ ನೀರು ಕೊಡುತ್ತಿದ್ದವಳು ಹನುಮವ್ವ. ಅವಳ ಗಂಡ ಮುಸಾಫಿರಖಾನೆಯ ಚೌಕೀದಾರನಾಗಿದ್ದ. ಅವನು ಸತ್ತ ಮೇಲೆ ಚೌಕೀದಾರಿಕೆಯ ಕೆಲಸವೇ ರದ್ದಾಯಿತು. ಹನುಮವ್ವ ಮಾತ್ರ ರದ್ದಾಗಲಿಲ್ಲ. ಹಿಂದಿನ ಓಣಿಯ ತನ್ನ ಮನೆಯಿಂದ ಹೊತ್ತು ಮೂಡುವುದರೊಳಗೆ ಬಂದು, ಬಾವಿಯಿಂದ ಸೇದಿ, ಪಡಸಾಲೆಯಲ್ಲಿದ್ದ ಮೂರು ದೊಡ್ಡ ಮಣ್ಣಿನ ಹರವಿ ತುಂಬಿ, ಮೇಲೆ ಹಸಿ ಗೋಣಿತಾಟು ಹೊದಿಸಿ, ತಂಬಿಗೆ ಕೈಯಲ್ಲಿ ಹಿಡಿದು ಕೂಡುತ್ತಿದ್ದಳು. ಸುಗ್ಗಿಯಲ್ಲಿ ಯಾರಾದರೂ ಒಂದು ಮೊರ ಜೋಳ ಕೊಟ್ಟರೆ ಉಡಿಯೊಡ್ಡುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಯಾರದೇ ಬೊಗಸೆಗಾಗಲಿ ಮೇಲಿಂದ ಸುರಿದವಳಲ್ಲ, ತಂಬಿಗೆಯನ್ನೇ ಕೈಗೆ ಕೊಡುತ್ತಿದ್ದಳು. ಇದನ್ನು ಬರೆದಿಡುವ ಅಗತ್ಯವಿದೆ ಎನಿಸುತ್ತದೆ, ಏಕೆಂದರೆ ನಮ್ಮೂರಿನ ಬೇರೆ ಬಾವಿಗಳ ಬಗ್ಗೆ ಈ ಮಾತು ಹೇಳಲಾರೆ.

“ನೀರು ಕೊಡಾಕ ಯಾರ ಅಪ್ಪಣಿ ಬೇಕಪಾ?” ಎನ್ನುತ್ತಿದ್ದಳು. ಅದು ಅವಳ ಪ್ರಶ್ನೆಯಾಗಿರಲಿಲ್ಲ, ಉತ್ತರವಾಗಿತ್ತು.

ನನಗೆ ಇದೆಲ್ಲ ಕಾಣುತ್ತಿತ್ತು, ಆದರೆ ನನ್ನ ಕಣ್ಣು ನೆಟ್ಟಿದ್ದು ಕಮಾನಿನ ಮೇಲೆ. ನಾನು ಇತಿಹಾಸದ ಮಾಸ್ತರ ನೋಡಿ! ಟೇಪು ಹಿಡಿದು ಕಮಾನಿನ ಎತ್ತರ ಅಗಲ ಅಳೆದಿದ್ದೆ. ಶಾಲೆಯ ವಾರ್ಷಿಕ ಸಂಚಿಕೆಗೆ ಅದರ ಮೇಲೆ ನಾಲ್ಕು ಪುಟ ಬರೆದಿದ್ದೆ. ಅದರ ನೆತ್ತಿಯಲ್ಲಿ ಕಪ್ಪು ಕಲ್ಲಿನ ಒಂದು ಫಲಕವಿತ್ತು, ಅದರ ಮೇಲೆ ಉರ್ದುವಿನಂಥ ಅಕ್ಷರಗಳ ಎರಡು ಸಾಲು. ನನಗೆ ಆ ಲಿಪಿ ಬಾರದು. ಆದರೂ ಮಕ್ಕಳನ್ನು ಕರೆತಂದಾಗ, ಇದು ಕಟ್ಟಿಸಿದ ದೊರೆಯ ಬಿರುದುಬಾವಲಿ ಎಂದು ಬೆರಳು ತೋರಿಸಿ ಹೇಳುತ್ತಿದ್ದೆ. ರಸ್ತೆಯ ಆಚೆ ಬದಿಯಲ್ಲಿ ಆ ಲಿಪಿ ಓದಬಲ್ಲ ಮೈಬೂಬಸಾಬ ಹೊಲಿಗೆಯಂತ್ರ ತುಳಿಯುತ್ತ ಕೂತಿರುತ್ತಿದ್ದ. ದಿನಾ ಅವನ ಜೊತೆ ಚಹಾ ಕುಡಿಯುತ್ತಿದ್ದೆ. ಒಂದು ದಿನವೂ ಕೇಳಲಿಲ್ಲ. ಮಾಸ್ತರನಾದವನು ಟೇಲರನನ್ನು ಶಾಸನದ ಬಗ್ಗೆ ಕೇಳುವುದುಂಟೆ?

ತೊಂಬತ್ತರ ಹೊತ್ತಿಗೆ ಕಾಲುವೆಯ ನೀರು ಊರಿನ ಚಹರೆ ಬದಲಿಸಿತ್ತು. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಅಂಗಡಿಗಳು, ರಸ್ತೆಯ ಎರಡೂ ಕಡೆ ಪ್ಲಾಟಿನ ಕಲ್ಲುಗಳು. ಚನ್ನಪ್ಪ ಸಾಹುಕಾರರು ಗಿರಣಿಯಿಂದ ಬಂದವರು, ಬಿಳಿ ಅಂಗಿ, ಮೆತ್ತಗಿನ ಮಾತು. ಮುಸಾಫಿರಖಾನೆಯ ಸರಕಾರಿ ಜಾಗ ಅವರ ಕೈಗೆ ಹೇಗೆ ಬಂತು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಅಲ್ಲಿ ಕೆಳಗೆ ಅಂಗಡಿ, ಮೇಲೆ ‘ಫ್ಲ್ಯಾಟು’ ಕಟ್ಟುತ್ತಾರೆಂಬ ಸುದ್ದಿ ಮೊದಲು ಬಂತು. ಆ ಶಬ್ದ ನಮ್ಮೂರಿಗೆ ಹೊಸದು. ಒಂದೇ ಕಟ್ಟಡದಲ್ಲಿ ಒಂದೊಂದು ಮನೆಯನ್ನು ಒಬ್ಬೊಬ್ಬರು ಕೊಳ್ಳುವುದು ಎಂದು ನಾನು ವಿವರಿಸಿದರೆ ಮೈಬೂಬಸಾಬ ಕತ್ತರಿ ಕೆಳಗಿಟ್ಟ.

“ಅಂದ್ರ ನೆಲ ಕೆಳಗಿನವಂದು, ಛತ್ತು ಮ್ಯಾಲಿನವಂದು?”

“ಹೌದು.”

“ನಡುವಿನ ಗಾಳಿ ನಂದು? ಗಾಳಿಗೆ ರೊಕ್ಕ ಕೊಡಬೇಕಾ ಮಾಸ್ತರ? ಹಂಗಾರ ನಾ ಈಗಽ ಶ್ರೀಮಂತ ಅದೀನಿ ಬಿಡ್ರಿ.”

ಇಬ್ಬರೂ ನಕ್ಕೆವು. ಆದರೆ ಕಮಾನು ಬೀಳುತ್ತದೆಂದು ನನ್ನ ಎದೆ ಉರಿಯುತ್ತಿತ್ತು. ಒಂದು ಭಾನುವಾರ ಸಾಹುಕಾರರ ಗಿರಣಿಗೇ ಹೋದೆ. ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಪರಂಪರೆ ಎಂದೆ, ಶಿಲ್ಪ ಎಂದೆ, ಮುಂದಿನ ಪೀಳಿಗೆ ಎಂದೆ. ಸಾಹುಕಾರರು ಪೂರ್ತಿ ಕೇಳಿದರು. ಕೊನೆಗೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

“ಮಾಸ್ತರ್ರ, ನಿಮಗ ಕಮಾನು ಬೇಕು, ಹೌದಲ್ಲ?”

“ಹೌದ್ರಿ.”

“ಒಂದು ಕಲ್ಲು ಅಳ್ಳಾಡಸಂಗಿಲ್ಲ. ನಾ ಮಾತು ಕೊಟ್ಟೆ. ಕಮಾನು ನಿಮ್ಮ ಹೆಸರಿನ್ಯಾಗ ಉಳೀತು ಅಂತ ತಿಳೀರಿ.”

ನಾನು ಗೆದ್ದವನ ಹಾಗೆ ಹೊರಬಂದೆ. ಅಂಗಳ ಎಂದು ನಾನು ಹೇಳಿರಲಿಲ್ಲ. ಪಡಸಾಲೆ ಎಂದಿರಲಿಲ್ಲ, ಬೇವಿನ ಮರ ಎಂದಿರಲಿಲ್ಲ. ಬಾವಿ ಎಂಬ ಎರಡಕ್ಷರ ನನ್ನ ಅರ್ಧ ಗಂಟೆಯ ಭಾಷಣದಲ್ಲಿ ಎಲ್ಲಿಯೂ ಬಂದಿರಲಿಲ್ಲ. ಮಸ್ಕಿಯ ಬಂಡೆಯ ಮೇಲೆ ಶಾಸನ ಕೊರೆಸಿದ ಚಕ್ರವರ್ತಿ ದಾರಿಯ ಇಕ್ಕೆಲಕ್ಕೆ ಮರ ನೆಡಿಸಿದ, ಬಾವಿ ತೋಡಿಸಿದ ಎಂದು ವರ್ಷವರ್ಷವೂ ಅದೇ ಊರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಅದಕ್ಕೆ ಅಂಕ ಕೊಡುವವನು ನಾನು!

ಅದಾಗಿ ಶ್ರಾವಣದಲ್ಲಿ ಪಂಚನಾಮೆ ನಡೆಯಿತು. ಕಚೇರಿಯಿಂದ ಒಬ್ಬ ಕಾರಕೂನ ಬಂದು ಸ್ಥಳ ನೋಡಿ, ಊರಿನ ಇಬ್ಬರು ಮರ್ಯಾದಸ್ಥರ ಎದುರಿಗೆ ಇದ್ದದ್ದನ್ನು ಇದ್ದಂತೆ ಬರೆದು ಅವರ ಸಹಿ ಪಡೆಯುವುದು. ಆ ಇಬ್ಬರಿಗೆ ಪಂಚರು ಎನ್ನುತ್ತಾರೆ. ಕರೆಸಿಕೊಳ್ಳುವುದೇ ಒಂದು ಮಾನ. ಒಬ್ಬ ಪಂಚ ನಾನು, ಇನ್ನೊಬ್ಬ ಎದುರಿನ ಅಂಗಡಿಯ ಮೈಬೂಬಸಾಬ. ನಮ್ಮ ಕಡೆ ಇದರ ಪದ್ಧತಿ ಹೇಗೆಂದರೆ, ಸಹಿ ಮೊದಲು, ಬರಹ ಆಮೇಲೆ. ಕಾರಕೂನ ಖಾಲಿ ಹಾಳೆಯ ತಳದಲ್ಲಿ ಎರಡು ಗೀಟು ಹಾಕುತ್ತಾನೆ. ಪಂಚರು ಅಲ್ಲಿ ಸಹಿ ಮಾಡುತ್ತಾರೆ. ಅವನು ಕಚೇರಿಗೆ ಹೋಗಿ, ಫ್ಯಾನಿನ ಕೆಳಗೆ ಕೂತು, ಮೇಲಿನದನ್ನು ತುಂಬುತ್ತಾನೆ. ಬರೆದ ಮೇಲೆ ತೋರಿಸಿರಿ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕಾರಕೂನನ ಮೇಲೆ ಸಂಶಯಪಟ್ಟ ಹಾಗೆ, ಕರೆಸಿದ ಯಜಮಾನನ ಮುಖಕ್ಕೆ ಹೊಡೆದ ಹಾಗೆ. ಇದು ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ಮೂರು ಸಲ ಹಾಗೆ ಸಹಿ ಮಾಡಿದ್ದೆ.

ಆವತ್ತು ಸಾಹುಕಾರರು ಒಗ್ಗರಣಿ-ಮಿರ್ಚಿ ತರಿಸಿದ್ದರು. ಮಂಡಾಳು ಎಂದರೆ ಮಂಡಕ್ಕಿಯ ಒಗ್ಗರಣಿ, ಆಗತಾನೇ ಎಣ್ಣೆಯಿಂದ ಎತ್ತಿದ ಮೆಣಸಿನಕಾಯಿ. ನಮ್ಮ ಸೀಮೆಯವನ ಮುಂದೆ ಅದನ್ನಿಟ್ಟು ಏನು ಬೇಕಾದರೂ ಮಾಡಿಸಬಹುದು. ಹನುಮವ್ವ ಹರವಿಯ ಹತ್ತಿರ ಕೂತಿದ್ದಳು. ಕಾರಕೂನನೂ ಅವಳ ಕೈಯಿಂದಲೇ ಎರಡು ತಂಬಿಗೆ ನೀರು ಕುಡಿದ. ನಾನು ಕಂಡೆ. ನಾನು ತಿನ್ನುತ್ತಿರುವಾಗಲೇ ಬಸ್ಸಿನ ಹಾರ್ನು ಕೇಳಿಸಿತು. ಎಂಜಲು ಕೈಯನ್ನು ಧೋತರಕ್ಕೆ ಒರೆಸಿ, ಎಡಗೈಯಿಂದ ಹಾಳೆ ಒತ್ತಿ ಹಿಡಿಯುವ ಬದಲು ಬಲಗೈಯಿಂದಲೇ ಒತ್ತಿ ಸರಿಸಿಕೊಂಡು ಸಹಿ ಮಾಡಿದೆ. ಖಾಲಿ ಹಾಳೆಯ ನಡುವೆ ನನ್ನ ಹೆಬ್ಬೆರಳಿನ ಎಣ್ಣೆಯ ಗುರುತು ಬಿತ್ತು. “ಏ ಕಲೀ ಬಿತ್ತಲ್ರಿ” ಎಂದೆ. “ಇರಲಿ ಬಿಡ್ರಿ ಮಾಸ್ತರ್ರ, ನಿಮ್ಮ ಕಲೀನೂ ಚಂದ” ಎಂದು ಕಾರಕೂನ ನಕ್ಕ. ನಾನೂ ನಕ್ಕು ಓಡಿಹೋಗಿ ಬಸ್ಸು ಹಿಡಿದೆ.

ದಸರಾ ಹೊತ್ತಿಗೆ ಪಡಸಾಲೆ ಕೆಡವಿದರು. ಬೇವಿನ ಮರ ಎರಡು ದಿನದಲ್ಲಿ ಹೋಯಿತು. ನನಗೆ ಸಂಕಟವಾಯಿತೆಂದು ಬರೆದರೆ ಸುಳ್ಳಾದೀತು. ಕಮಾನಿಗೆ ತಟ್ಟಿ ಕಟ್ಟಿ, ಗೋಣಿಚೀಲ ಸುತ್ತಿ, ಒಂದು ಕಲ್ಲೂ ಅಲುಗದಂತೆ ಕಾಪಾಡಿದ್ದರು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಅದನ್ನು ನೋಡಿ, ನನ್ನಿಂದಾಯಿತಲ್ಲ ಎಂದುಕೊಳ್ಳುತ್ತಿದ್ದೆ. ಹನುಮವ್ವನ ಹರವಿಗಳು ಪಡಸಾಲೆಯಿಂದ ಕಮಾನಿನ ಕೆಳಗೆ ಬಂದವು. ಬಾವಿಗೆ ಸಾಹುಕಾರರ ಮೋಟಾರು ಇಳಿಯಿತು. ಪಾಯಕ್ಕೆ, ಗೋಡೆಗೆ, ಛತ್ತಿಗೆ ಎಲ್ಲಕ್ಕೂ ಅದೇ ನೀರು. ಅವಳು ಒಂದು ಬದಿಗೆ ತನ್ನ ಹಗ್ಗ ಬಿಟ್ಟು ಸೇದಿಕೊಳ್ಳುತ್ತಿದ್ದಳು. ಮೇಸ್ತ್ರಿಗಳಿಗೂ ಅವಳೇ ಕುಡಿಯುವ ನೀರು ಕೊಟ್ಟಳು.

ಈಗ ಉಗಾದಿಯಾಗಿ ಎಂಟನೆಯ ದಿನಕ್ಕೆ ಬರುತ್ತೇನೆ.

ನಾನು ಬಸ್ಸಿಗೆ ಬಂದಾಗ ಹನುಮವ್ವ ಗೇಟಿನ ಮುಂದೆ ನಿಂತಿದ್ದಳು. ಹೆಗಲ ಮೇಲೆ ಹಗ್ಗ, ಕಂಕುಳಲ್ಲಿ ಖಾಲಿ ಕೊಡ. ಒಳಗೆ ಬಾವಿಯ ದಂಡೆಗೆ ಕಲ್ಲು-ಗಚ್ಚಿನ ಚೂರು ತುಂಬಿದ ಟ್ರ್ಯಾಕ್ಟರಿನ ಟ್ರಾಲಿ ಹಿಂದುಮುಂದಾಗಿ ನಿಂತಿತ್ತು. ಜವಳಗೇರಾದ ದುರುಗಪ್ಪ ಅದರ ಡ್ರೈವರು. ಮೋಟಾರು ಇನ್ನೂ ನಡೆದಿತ್ತು, ಪೈಪಿನಿಂದ ಕೊನೆಯ ಛತ್ತಿಗೆ ನೀರು ಹೋಗುತ್ತಿತ್ತು. ಸಾಹುಕಾರರು ಗೇಟಿನ ಒಳಗೆ, ಕೈಯಲ್ಲಿ ಒಂದು ಫೈಲು.

“ಕೀಲಿ ತಗೀರಿ ಸಾವಕಾರ್ರ. ಬಿಸಲೇರತೈತಿ, ಮಂದಿ ಬರ್ತಾರ” ಎಂದಳು ಹನುಮವ್ವ.

“ಇವತ್ತಿಂದ ಇದು ಒಳಗ ಇರಾಕ ಬರೋ ಮಂದಿದು ಬೇ ಅವ್ವಾ. ಅವರ ಮಕ್ಕಳು ಆಡಾಕ, ಅವರ ಗಾಡಿ ನಿಲ್ಲಸಾಕ. ಬಾವಿ ಮುಚ್ಚಾಕತ್ತೀವಿ. ಕೂಸುಕುನ್ನಿ ಬಿದ್ದರ ಯಾರು ಹೊಣಿ?”

“ಬಾವಿ ಮುಚ್ಚತೀರಿ? ಯಾರು ಹೇಳ್ಯಾರ?”

“ಊರ ಹಿರೇರು ಬರಕೊಟ್ಟಾರ. ಬಾವಿ ಬತ್ತೈತಿ, ಯಾರೂ ನೀರು ಸೇದಂಗಿಲ್ಲ ಅಂತ.”

ಹನುಮವ್ವ ಪೈಪಿನ ಕಡೆ ಕೈ ತೋರಿಸಿದಳು. “ಬತ್ತೈತಿ ಅಂದ್ರ ಆ ಪೈಪಿನ್ಯಾಗ ಬರೂದೇನು, ನಿಮ್ಮಪ್ಪನ ಉಚ್ಚೇನು?”

ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಸಾಹುಕಾರರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದನ್ನು ನಾನು ಎಂದೂ ಕಂಡಿಲ್ಲ. ಫೈಲು ಬಿಚ್ಚಿ, ಗೇಟಿನ ಸರಳುಗಳ ನಡುವಿನಿಂದ ಹಾಳೆಯನ್ನು ನನ್ನ ಕಡೆ ಚಾಚಿದರು. “ಮಾಸ್ತರ್ರು ಇಲ್ಲೇ ಅದಾರಲ್ಲ. ಅವರಽ ಓದಿ ಹೇಳಲಿ.”

ನಾನು ಓದಿದೆ. ಗಟ್ಟಿಯಾಗಿಯೇ ಓದಿದೆ, ಮೊದಲ ಎರಡು ಸಾಲು ಏನೆಂದು ತಿಳಿಯುವ ಮೊದಲೇ ಓದಿಬಿಟ್ಟಿದ್ದೆ. ‘ಪಂಚರ ಸಮಕ್ಷಮ ಸ್ಥಳ ನೋಡಲಾಗಿ, ಸದರಿ ಕಟ್ಟಡವು ಪಾಳುಬಿದ್ದು ಯಾವ ಸಾರ್ವಜನಿಕ ಉಪಯೋಗದಲ್ಲಿಯೂ ಇರುವುದಿಲ್ಲ. ಒಳಗಿನ ಬಾವಿಯು ಬತ್ತಿದ್ದು ಯಾರೂ ನೀರು ಸೇದುವುದಿಲ್ಲ. ಮುಂಭಾಗದ ಕಮಾನು ಮಾತ್ರ ಉಳಿಸಲು ಯೋಗ್ಯವಿರುತ್ತದೆ ಎಂದು ಪಂಚರ ಅಭಿಪ್ರಾಯ.’ ಕೆಳಗೆ ನನ್ನ ಸಹಿ. ಅದರ ಕೆಳಗೆ ಮೈಬೂಬಸಾಬನದು. ಹಾಳೆಯ ನಡುವೆ ನನ್ನ ಹೆಬ್ಬೆರಳಿನ ಎಣ್ಣೆಯ ಕಲೆ. ‘ಬತ್ತಿದ್ದು’ ಎಂಬ ಶಬ್ದ ಸರಿಯಾಗಿ ಅದರ ಮೇಲೆ ಬಂದಿತ್ತು. ಎಣ್ಣೆಯ ಮೇಲೆ ಶಾಯಿ ಹಿಡಿಯದೆ ಕಾರಕೂನ ಎರಡೆರಡು ಸಲ ತಿದ್ದಿದ್ದ. ಕಲೆ ಮೊದಲು, ಅಕ್ಷರ ಆಮೇಲೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆ ಸಾಕ್ಷಿಯನ್ನು ಓದಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ.

ಹನುಮವ್ವ ನನ್ನ ಹತ್ತಿರ ಬಂದಳು.

“ಇದು ನಿನ್ನ ಸಹಿ ಏನಪಾ ಮಾಸ್ತರ?”

“ಹೌದವ್ವ.”

“ಬರದಾವ ನೀನಽ?”

“ಅಲ್ಲ. ನಾ ಸಹಿ ಮಾಡಿದಾಗ ಹಾಳಿ ಖಾಲಿ ಇತ್ತು.” ಇದನ್ನು ನಾನು ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು.

“ನಾ ಹೆಬ್ಬಟ್ಟು ಒತ್ತಾಕಿ. ನಾನಽ ಓದಿಸ್ಕೊಂಡು ಒತ್ತತೀನಿ. ನಿನಗ ಓದಾಕ ಬರ್ತಿತ್ತಲ್ಲೋ?”

ನಾನು ಹಾಳೆಯ ಮೇಲಿನ ಕಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದೆ.

“ಈಗರೆ ಗಟ್ಟಿಗೆ ಹೇಳು. ಇಷ್ಟ ಮಂದಿ ಅದಾರ. ಹಾಳಿ ಖಾಲಿ ಇತ್ತು ಅಂತ ಹೇಳು. ಬಾವ್ಯಾಗ ನೀರು ಅದಾವ ಅಂತ ಹೇಳು. ಅಷ್ಟ ಸಾಕು.”

ಸರಕಾರಿ ಮಾಸ್ತರ ಖಾಲಿ ಹಾಳೆಗೆ ಸಹಿ ಮಾಡಿದ ಎಂದಾದರೆ ಏನಾಗುತ್ತದೆ? ನೌಕರಿಗೆ ಏನಾಗುತ್ತದೆ? ಹಿಂದಿನ ಮೂರು ಪಂಚನಾಮೆಗಳಿಗೆ ಏನಾಗುತ್ತದೆ? ಇವಿಷ್ಟನ್ನೂ ನಾನು ಆ ಹೊತ್ತಿನಲ್ಲಿ ಯೋಚಿಸಿದೆ. ಯೋಚಿಸಲು ವೇಳೆ ಇತ್ತು, ಗಾಬರಿಯಾಗಿ ಬಾಯಿ ಕಟ್ಟಿತೆಂದು ಹೇಳಿ ತಪ್ಪಿಸಿಕೊಳ್ಳಲಾರೆ. ಎದುರು ಅಂಗಡಿಯಿಂದ ಮೈಬೂಬಸಾಬ ಬಂದು ರಸ್ತೆಯ ನಡುವೆ ನಿಂತಿದ್ದ. ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಹೇಳಿದ್ದರೆ ಅವನೂ ಹೇಳುತ್ತಿದ್ದ. ನಾನು ಹಾಳೆಯನ್ನು ಮಡಿಸಿ ಸರಳುಗಳ ನಡುವಿನಿಂದ ಸಾಹುಕಾರರಿಗೆ ಮರಳಿ ಕೊಟ್ಟೆ.

ಸಾಹುಕಾರರು ದುರುಗಪ್ಪನಿಗೆ ಕೈ ಮಾಡಿದರು. ಅವನು ಇಳಿದು ಬಂದು, “ನೀರು ಅದಾವ್ರಿ ಸಾವಕಾರ್ರ, ತಳಾ ಕಾಣವಲ್ದು” ಎಂದ. “ನಿನಗ ಕೇಳಿಲ್ಲ” ಎಂದರು ಅವರು, ಆಗಲೂ ಮೆತ್ತಗೆ. ಮೋಟಾರು ಬಂದಾಯಿತು. ಮೊದಲ ಟ್ರಾಲಿ ಸುರಿದಾಗ ನೀರಿನ ಸಪ್ಪಳ ಬಂತು. ಎರಡನೆಯದಕ್ಕೂ ಬಂತು. ಸಂಜೆ ನಾನು ಮಸ್ಕಿಯಿಂದ ಬಂದಾಗ ಸುರಿಯುತ್ತಿದ್ದ ಟ್ರಾಲಿಗೆ ಸಪ್ಪಳವಿರಲಿಲ್ಲ. ಹೌದು, ಆ ದಿನವೂ ನಾನು ಮುಂದಿನ ಬಸ್ಸು ಹಿಡಿದು ಶಾಲೆಗೆ ಹೋಗಿ ಪಾಠ ಮಾಡಿದೆ.

ನನ್ನ ಸಿಟ್ಟು ಯಾರ ಮೇಲೆ ಎಂದು ನೀವು ಕೇಳಬಹುದು. ನನ್ನ ಮೇಲೆ ಇದೆ, ಅದನ್ನು ಹೇಳಿಯಾಯಿತು. ಆದರೆ ಅದನ್ನೇ ಹಿಡಿದು ಕೂತರೆ ಸಾಹುಕಾರರಿಗೆ ಅನುಕೂಲ. ಅವರು ಕಮಾನನ್ನು ಕೆಡವಿದ್ದರೆ ಊರು ಒಂದು ದಿನವಾದರೂ ಕೂಗುತ್ತಿತ್ತು. ಉಳಿಸಿದರು, ಆದ್ದರಿಂದ ಊರು ಚಪ್ಪಾಳೆ ತಟ್ಟಿತು. ಮುಖವನ್ನಷ್ಟೇ ಉಳಿಸಿ ಮೈಯನ್ನು ತಿಂದುಹಾಕುವ ಈ ವಿದ್ಯೆಗೆ ಸಂರಕ್ಷಣೆ ಎಂಬ ಹೆಸರು. ಮನೆಗಳ ಪ್ರವೇಶದ ದಿನ ಅವರಿಗೆ ಸನ್ಮಾನವಾಯಿತು. ಇತಿಹಾಸಪ್ರೇಮಿ ಎಂದು ನನಗೂ ಒಂದು ಶಾಲು ಹೊದಿಸಿದರು. ಹೊದಿಸಿಕೊಂಡೆ. ಆ ವೇದಿಕೆಯ ಮೇಲೆ ನಾನು ಮೆಲ್ಲಗೆ, “ಬಾವಿಯದು ಸರಿ ಆಗಲಿಲ್ರಿ” ಎಂದೆ. ಸಾಹುಕಾರರು ನಗುತ್ತ, ಮುಂದಿನ ಮಂದಿಗೆ ಕೈ ಮುಗಿಯುತ್ತಲೇ ಹೇಳಿದರು: “ಮಾಸ್ತರ್ರ, ನೀವು ಕೇಳಿದ್ದು ಕಮಾನು. ಕಮಾನು ಕೊಟ್ಟೀನಿ.”

ಕಮಾನಿನ ಹೊರಗೆ ಅವರ ತಂದೆಯ ಹೆಸರಿನಲ್ಲಿ ಒಂದು ನಲ್ಲಿ ಹಾಕಿಸಿದರು. ಎರಡು ತಿಂಗಳು ನೀರು ಬಂತು. ಈಗ ಹೆಸರು ಮಾತ್ರ ಇದೆ. ತುರ್ವಿಹಾಳದ ಬಸ್ಸಿಗೆ ಕಾಯುವವರು ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು, ಕೊಡೆಯಿಲ್ಲದವರು ಸೆರಗು ಹಿಡಿದು ನಿಲ್ಲುತ್ತಾರೆ. ಕಮಾನಿನ ಕೆಳಗೆ ಕೂತರೆ ವಾಚ್‌ಮನ್ ಎಬ್ಬಿಸುತ್ತಾನೆ. ಅಂಗಳದಲ್ಲಿ, ಬಾವಿಯಿದ್ದ ಜಾಗದಲ್ಲಿ, ಒಂದು ಸಣ್ಣ ಹುಲ್ಲಿನ ಚೌಕ, ‘ಸದಸ್ಯರಿಗೆ ಮಾತ್ರ’ ಎಂಬ ಬೋರ್ಡು. ನೆತ್ತಿಯ ಕಪ್ಪು ಕಲ್ಲಿನ ಅಕ್ಷರಗಳಿಗೆ ಬಂಗಾರದ ಬಣ್ಣ ತುಂಬಿಸಿದರು. ಬಣ್ಣ ತುಂಬಿದ ಮರುದಿನ ಮೈಬೂಬಸಾಬ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡ.

“ಈಗ ಚಂದ ಕಾಣತಾವ ನೋಡ್ರಿ. ಓದ್ಲಾ?”

“ಓದು.”

“ಹಾದೀ ಹಿಡದು ಹೋಗೋ ಮಂದಿ ಬರ್ರಿ, ಕುಂದರ್ರಿ, ನೀರು ಕುಡೀರಿ, ಈ ಜಾಗ ನಿಮ್ಮದು ಅಂತ ಬರದಾರ. ಬಂಗಾರದ ಬಣ್ಣದಾಗ. ಕೆಳಗ ಕೀಲಿ.”

“ಇಷ್ಟು ದಿನ ಯಾಕ ಹೇಳಲಿಲ್ಲ ಮೈಬೂಬ?”

“ನೀವು ಕೇಳಿದ್ರೇನು?”

ಹನುಮವ್ವ ಕಮಾನಿನ ಕೆಳಗಿನ ತನ್ನ ಹರವಿಗಳನ್ನು ಅದೇ ವಾರ ಎತ್ತಿಕೊಂಡು ಹೋದಳು. ಬೇರೆ ಕಡೆಯಿಂದ ನೀರು ತಂದು ಕೂಡಬಹುದಿತ್ತಲ್ಲ ಎಂದು ಕೆಲವರು ಅಂದರು. ಎಲ್ಲಿ ಕೂಡಬೇಕಿತ್ತು ಎಂದು ಅವರು ಹೇಳಲಿಲ್ಲ.

ಇದನ್ನು ಈಗ, ಆರು ವರ್ಷದ ಮೇಲೆ ಬರೆಯಲು ಕಾರಣ ಈ ಸಲದ ಕ್ಯಾಲೆಂಡರು. ಅದರ ಕೊನೆಯ ಪುಟದಲ್ಲಿ ಸಾಹುಕಾರರ ಮುಂದಿನ ಕಟ್ಟಡದ ಚಿತ್ರ ಬಂದಿದೆ. ಲಿಂಗಸುಗೂರಿನಲ್ಲಿ, ಅಲ್ಲಿ ದಂಡಿನ ಛಾವಣಿ ಇದ್ದ ಕಾಲದ ಒಂದು ಕಲ್ಲಿನ ಬಂಗಲೆ. ಅದರ ಸುತ್ತಲ ಬಯಲಿನಲ್ಲಿ ಹುಣಸೆಮರಗಳಿವೆ, ಊರಿನ ಹುಡುಗರು ಕಬಡ್ಡಿ ಆಡುತ್ತಾರೆ, ಮುದಗಲ್ಲಿಗೆ ಹೋಗುವವರು ನೆರಳಿಗೆ ಕೂಡುತ್ತಾರೆ. ಚಿತ್ರದಲ್ಲಿ ಬಂಗಲೆಯ ಮುಂಗೋಡೆ ಇದೆ, ಗುಲಾಬಿ ಬಣ್ಣದಲ್ಲಿ. ಅದರ ಹಿಂದೆ ನಾಲ್ಕಂತಸ್ತು. ಮರಗಳಿಲ್ಲ. ಸುತ್ತ ಕಂಪೌಂಡು.

ಹೋದ ವಾರ ಅವರ ಕಡೆಯ ಇಬ್ಬರು ಮನೆಗೆ ಬಂದಿದ್ದರು. ಸಿಂಧನೂರಿನಲ್ಲಿ ಹಳೆಯ ಕಟ್ಟಡವನ್ನು ಮಾದರಿಯಾಗಿ ಉಳಿಸಿದ್ದಾರೆ ಎಂದು ಇತಿಹಾಸದ ಮಾಸ್ತರರಾಗಿ ನೀವೊಂದು ಪತ್ರ ಕೊಡಬೇಕು ಎಂದರು. ಹಾಳೆ ತಂದಿದ್ದರು. ತಳದಲ್ಲಿ ಗೀಟು ಹಾಕಿತ್ತು.

“ಮೊದಲು ಬರೀರಿ. ನಾ ಓದತೀನಿ” ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದೆಲ್ಲಾ ನಾವು ಆಮ್ಯಾಲ ಬರಕೋತೀವ್ರಿ ಸರ್, ನಿಮಗ್ಯಾಕ ತ್ರಾಸು?”

“ನನಗ ತ್ರಾಸಿಲ್ಲ. ಕುಂದರ್ರಿ, ಬರೀರಿ.”

ಚಹಾ ಕುಡಿದು ಹೋದರು. ಮರಳಿ ಬಂದಿಲ್ಲ. ಆದರೆ ಲಿಂಗಸುಗೂರಿನಲ್ಲಿ ಮರ್ಯಾದಸ್ಥರಿಗೇನು ಕಡಿಮೆಯೇ? ಒಗ್ಗರಣಿ-ಮಿರ್ಚಿಗೇನು ಕಡಿಮೆ? ಅದಕ್ಕಾಗಿ, ಹಾಳೆ ಖಾಲಿ ಇತ್ತು ಎಂದು ಇಲ್ಲಿ ಗಟ್ಟಿಯಾಗಿ ಹೇಳುತ್ತಿದ್ದೇನೆ. ಬಾವಿಯಲ್ಲಿ ನೀರಿತ್ತು. ಕಟ್ಟಡ ಪಾಳುಬಿದ್ದಿರಲಿಲ್ಲ. ಇನ್ನು ಎರಡು ವರ್ಷ ನೌಕರಿ ಇದೆ, ಏನಾಗುತ್ತದೋ ಆಗಲಿ.

ನಾನೊಬ್ಬನೇ ಹೇಳಿದರೆ ನಂಬಬೇಕೆಂದಿಲ್ಲ. ಆ ಕಾರಕೂನ ತೀರಿಕೊಂಡ. ಸಾಹುಕಾರರು ಇದ್ದಾರೆ, ಅವರನ್ನು ಕೇಳಿದರೆ ಕಮಾನು ತೋರಿಸುತ್ತಾರೆ. ಮೈಬೂಬಸಾಬ ಇದ್ದಾನೆ. ಅಂಗಡಿ ಹಿಂದಿನ ಓಣಿಗೆ ಹೋಗಿದೆ, ಸೂಜಿಗೆ ದಾರ ಪೋಣಿಸಲು ಈಗ ಮೊಮ್ಮಗಳು ಬೇಕು, ನೆನಪು ಮಾತ್ರ ಸರಿಯಾಗಿದೆ. ಜವಳಗೇರಾದ ದುರುಗಪ್ಪ ಇದ್ದಾನೆ. ಟ್ರ್ಯಾಕ್ಟರ್ ಬಿಟ್ಟು ಸ್ವಂತ ಹೊಲ ಮಾಡುತ್ತಾನೆ, ಎಷ್ಟು ಟ್ರಾಲಿ ಹಿಡಿಯಿತು ಎಂದು ಅವನೇ ಹೇಳಲಿ. ಹನುಮವ್ವ ಇದ್ದಾಳೆ. ತುರ್ವಿಹಾಳದಲ್ಲಿ, ಕಾಲುವೆಯ ಪಕ್ಕದ ಓಣಿಯಲ್ಲಿ, ಮಗಳ ಮನೆಯಲ್ಲಿ. ಕಣ್ಣು ಮಂಜಾಗಿದೆ, ಮಾತು ಆಗಿಲ್ಲ. ಲಿಂಗಸುಗೂರಿನವರು ಸಹಿ ಮಾಡುವ ಮೊದಲು ಒಮ್ಮೆ ಹೋಗಿ ಅವಳನ್ನು ಕೇಳಬೇಕು. ಹೋದವರಿಗೆ ಮೊದಲು ನೀರು ಕೊಡುತ್ತಾಳೆ. ನನ್ನ ಹೆಸರು ಹೇಳಿಕೊಂಡು ಹೋಗಬೇಡಿ.